1,82,000 ಬಿಲ್ಲಾಯಿತು, ವಿಮೆಯಿಂದ ಒಂದು ರೂಪಾಯಿಯೂ ಬರಲಿಲ್ಲ. ಯಾಕೆ?

ಓದುಗರ ಪ್ರಶ್ನೆ: ಮಂಡ್ಯದಲ್ಲಿರುವ ಅಪ್ಪ-ಅಮ್ಮ ಇಬ್ಬರನ್ನೂ ಸೇರಿಸಿ 10 ಲಕ್ಷದ ಆರೋಗ್ಯ ವಿಮೆ ಮಾಡಿಸಿದ್ದೇನೆ. ಇದು ಐದನೇ ವರ್ಷ. ಹೋದ ತಿಂಗಳು ಅಪ್ಪನಿಗೆ ಮೈಸೂರಿನಲ್ಲಿ ಪಿತ್ತಕೋಶದ ಆಪರೇಷನ್ ಆಯಿತು, ಬಿಲ್ 1,82,000 ರೂಪಾಯಿ. ಕಂಪನಿಯವರು ‘ನಿಮಗೆ 3 ಲಕ್ಷ ಡಿಡಕ್ಟಿಬಲ್ ಇದೆ, ಏನೂ ಬರಲ್ಲ’ ಅಂದರು. ಅಮ್ಮನಿಗೂ ಮಂಡಿ ಆಪರೇಷನ್ ಮಾಡಿಸಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ಇಂಥ ಪಾಲಿಸಿ ಇಟ್ಟುಕೊಂಡು ಏನು ಪ್ರಯೋಜನ? ಬಿಟ್ಟುಬಿಡಲಾ?

ಉತ್ತರ: ಈಗಲೇ ಬಿಡಬೇಡಿ. ಅಪ್ಪನ ಆಸ್ಪತ್ರೆ ಕಾಗದಗಳನ್ನಂತೂ ಎಸೆಯಲೇಬೇಡಿ. ಯಾಕೆ ಅಂತ ಹೇಳುತ್ತೇನೆ.

ಕನ್ನಂಬಾಡಿ ಕಟ್ಟೆಯಲ್ಲಿ ನೀರು ಎಷ್ಟು ಅಡಿ ಇದೆ ಅಂತ ಬೆಳಗ್ಗೆ ಎದ್ದು ಪೇಪರಿನಲ್ಲಿ ನೋಡುವ ಊರಿನವರು ನೀವು. ಹಾಗಾಗಿ ಕೆರೆಯ ಲೆಕ್ಕದಲ್ಲೇ ಹೇಳುವುದು ಸುಲಭ. ಕೆರೆಗೆ ತೂಬು ಇರುತ್ತದಲ್ಲ, ಆ ತೂಬಿನ ಬಾಯಿಗಿಂತ ಕೆಳಗಿರುವ ನೀರು ಕಾಲುವೆಗೆ ಇಳಿಯುವುದಿಲ್ಲ. ಮೇಲೆ ಎಷ್ಟು ನಿಂತಿದೆಯೋ ಅಷ್ಟೇ ಗದ್ದೆಗೆ. ಡಿಡಕ್ಟಿಬಲ್ ಅಂದರೆ ಆ ತೂಬಿನ ಎತ್ತರ. ನಿಮ್ಮ ಪಾಲಿಸಿಯಲ್ಲಿ ಅದನ್ನು 3 ಲಕ್ಷದಲ್ಲಿ ಕೂರಿಸಿದ್ದಾರೆ. ಖರ್ಚು ಅಲ್ಲಿಯವರೆಗೆ ಏರುವ ತನಕ ಎಲ್ಲವೂ ನಿಮ್ಮದು, ಅದರ ಮೇಲಿನದು ಕಂಪನಿಯದು. ಕೆಳಗಿನ 3 ಲಕ್ಷವನ್ನು ನೀವು ಕೈಯಿಂದಲೇ ಕಟ್ಟಬೇಕು ಅಂತೇನಿಲ್ಲ. ಇನ್ನೊಂದು ಪಾಲಿಸಿಯಿಂದಲೋ, ನೀವು ಕೆಲಸ ಮಾಡುವ ಕಂಪನಿ ಕೊಟ್ಟ ಗುಂಪು ವಿಮೆಯಿಂದಲೋ ಬಂದರೂ ಆಯಿತು. ಇಂಥ ಪಾಲಿಸಿ ಹುಟ್ಟಿಕೊಂಡಿರುವುದೇ ಕೆಳಗೆ ಇನ್ನೊಂದು ಇದೆ ಅನ್ನುವ ಲೆಕ್ಕದಲ್ಲಿ. ಕೆಳಗೆ ಏನೂ ಇಲ್ಲದವರಿಗೆ ‘10 ಲಕ್ಷದ ಪಾಲಿಸಿ, ಪ್ರೀಮಿಯಂ ನೋಡಿ ಎಷ್ಟು ಕಡಿಮೆ’ ಅಂತ ಮಾರಿದರೆ ತಪ್ಪು ಮಾರಿದವರದ್ದು. ಅಗ್ಗಕ್ಕೆ ಸಿಕ್ಕಿದ್ದನ್ನು ನಾವ್ಯಾರೂ ತಿರುಗಿಸಿ ನೋಡುವುದಿಲ್ಲ ಅನ್ನುವುದೂ ನಿಜವೇ.

ಈಗ ಮುಖ್ಯ ವಿಷಯ. ಪಾಲಿಸಿ ಕಾಗದ ತೆಗೆದು ಅದರ ಹೆಸರು ನೋಡಿ: ‘ಟಾಪ್-ಅಪ್’ ಅಂತ ಇದೆಯೋ, ‘ಸೂಪರ್ ಟಾಪ್-ಅಪ್’ ಅಂತಲೋ? ಒಂದು ಪದದ ವ್ಯತ್ಯಾಸ, ಆದರೆ ನಿಮ್ಮ ಮನೆಯ ಮಟ್ಟಿಗೆ ಲಕ್ಷಕ್ಕೂ ಮೀರಿದ ವ್ಯತ್ಯಾಸ. ಬರೀ ಟಾಪ್-ಅಪ್‌ನಲ್ಲಿ ಪ್ರತಿ ಸಲ ಆಸ್ಪತ್ರೆ ಸೇರಿದಾಗಲೂ ಲೆಕ್ಕ ಹೊಸದಾಗಿ ಶುರು. ಪ್ರತಿ ಮಳೆಯ ನಂತರ ಕೆರೆ ಬರಿದು ಮಾಡಿದ ಹಾಗೆ. ಒಂದೇ ಬಿಲ್ 3 ಲಕ್ಷ ದಾಟಬೇಕು. ಸೂಪರ್ ಟಾಪ್-ಅಪ್‌ನಲ್ಲಿ ವರ್ಷವಿಡೀ ಬಿದ್ದ ಮಳೆಯೆಲ್ಲ ಕೆರೆಯಲ್ಲೇ ನಿಲ್ಲುತ್ತದೆ. ಇಬ್ಬರೂ ಒಂದೇ ಫ್ಲೋಟರ್ ಪಾಲಿಸಿಯಲ್ಲಿ, ಅಂದರೆ ಒಂದೇ ವಿಮಾ ಮೊತ್ತವನ್ನು ಇಬ್ಬರೂ ಹಂಚಿಕೊಳ್ಳುವ ಪಾಲಿಸಿಯಲ್ಲಿ ಇದ್ದರೆ ಸಾಮಾನ್ಯವಾಗಿ ಇಬ್ಬರ ಖರ್ಚೂ ಒಂದೇ ಕೆರೆಗೆ.

ನಿಮ್ಮದು ಎರಡನೆಯ ಬಗೆಯದಾದರೆ ಅಪ್ಪನ ಬಿಲ್ ವ್ಯರ್ಥವಾಗಿಲ್ಲ. ಕೆರೆಯಲ್ಲಿದೆ.

ಆದರೆ 1,82,000 ಪೂರ್ತಿ ಇಲ್ಲ. ಬಿಲ್ಲಿನ ಕೊನೆಯ ಪುಟಗಳಲ್ಲಿ ಗ್ಲೌಸ್, ಮಾಸ್ಕ್, ರಿಜಿಸ್ಟ್ರೇಷನ್ ಶುಲ್ಕ ಅಂತ ಸಣ್ಣಸಣ್ಣ ಬಾಬತ್ತುಗಳಿರುತ್ತವೆ. ಇವನ್ನು ಹೆಚ್ಚಿನ ಪಾಲಿಸಿಗಳು ಒಪ್ಪುವುದಿಲ್ಲ. ಅಂಥವು 12,000 ರೂಪಾಯಿ ಅಂತ ಇಟ್ಟುಕೊಳ್ಳೋಣ. ಲೆಕ್ಕಕ್ಕೆ ನಿಂತದ್ದು 1,70,000.

ಇದಕ್ಕಿಂತ ದೊಡ್ಡ ಕತ್ತರಿ ಬೀಳುವುದು ರೂಮಿನ ವಿಷಯದಲ್ಲಿ, ನಮ್ಮ ಜನ ಹೆಚ್ಚು ಕಳೆದುಕೊಳ್ಳುವುದೂ ಇಲ್ಲೇ ಅಂತ ನನ್ನ ಅನಿಸಿಕೆ. ಪಾಲಿಸಿಯಲ್ಲಿ ದಿನಕ್ಕೆ 3,000 ರೂಪಾಯಿ ರೂಮು ಅಂತ ಮಿತಿ ಇದೆ, ‘ನೋಡಲು ಬರುವವರು ಕೂರೋಕಾದರೂ ಜಾಗ ಬೇಡವಾ’ ಅಂತ ನೀವು 6,000ದ ರೂಮು ತೆಗೆದುಕೊಂಡಿರಿ ಅನ್ನಿ. ಹೆಚ್ಚುವರಿ ಬಾಡಿಗೆ ಕೊಟ್ಟರೆ ಮುಗಿಯಿತು ಅಂದುಕೊಳ್ಳುತ್ತೀರಿ. ಮುಗಿಯುವುದಿಲ್ಲ. ರೂಮಿನ ದರ್ಜೆ ಏರಿದಂತೆ ಸರ್ಜನ್ ಫೀಸು, ಆಪರೇಷನ್ ಥಿಯೇಟರ್, ಅರಿವಳಿಕೆ, ನರ್ಸಿಂಗ್ ದರವೂ ಏರುವ ಆಸ್ಪತ್ರೆಯಾದರೆ ಕಂಪನಿ ಅವುಗಳನ್ನೂ ಅದೇ ಅನುಪಾತದಲ್ಲಿ, ಅಂದರೆ ಅರ್ಧಕ್ಕೆ ಇಳಿಸಬಹುದು. ಈ ಬಾಬತ್ತುಗಳು ಸೇರಿ 80,000 ಇದ್ದರೆ 40,000 ನಿಮ್ಮ ತಲೆಗೆ. ಔಷಧಿ, ಇಂಪ್ಲಾಂಟ್, ರಕ್ತ-ಸ್ಕ್ಯಾನ್ ಪರೀಕ್ಷೆ, ಐಸಿಯು ಶುಲ್ಕಕ್ಕೆ ಮಾತ್ರ ಈ ಅನುಪಾತದ ಕತ್ತರಿ ಹಾಕುವಂತಿಲ್ಲ. ವಿಮಾ ನಿಯಂತ್ರಕ ಐಆರ್‌ಡಿಎಐ 2020ರಲ್ಲೇ ಹಾಗೆ ಹೇಳಿದೆ. ಹಾಕಿದ್ದರೆ ಪ್ರಶ್ನಿಸಿ.

ಇನ್ನೊಂದು, ಕೋ-ಪೇ. ಡಿಡಕ್ಟಿಬಲ್‌ಗೂ ಇದಕ್ಕೂ ಗೊಂದಲ ಮಾಡಿಕೊಳ್ಳುವವರು ಬಹಳ. ಇದರಲ್ಲಿ ಮಟ್ಟದ ಮಾತಿಲ್ಲ, ಬೆಳೆಯ ಪಾಲಿಗೆ ಕೊಟ್ಟ ಗದ್ದೆಯ ಹಾಗೆ ಪ್ರತಿ ಸಲವೂ ಬಿಲ್ಲಿನಲ್ಲಿ ಒಂದು ಪಾಲು ನಿಮ್ಮದು. ಎಲ್ಲ ಕಂಪನಿಗಳಲ್ಲೂ ಒಂದೇ ಷರತ್ತಿನಲ್ಲಿ ಸಿಗುವ ‘ಆರೋಗ್ಯ ಸಂಜೀವಿನಿ’ ಪಾಲಿಸಿಯಲ್ಲಿ ಒಪ್ಪಿದ ಮೊತ್ತದ ಶೇ 5 ನಿಮ್ಮದು. ಹಿರಿಯರ ಪಾಲಿಸಿಗಳಲ್ಲಿ ಶೇ 20 ಇರುವುದೂ ಉಂಟು.

ಅಮೆರಿಕದಲ್ಲಿರುವ ನಿಮ್ಮ ತಮ್ಮನೋ ಭಾವನೋ ‘ಡಿಡಕ್ಟಿಬಲ್ ಆದಮೇಲೂ ಕೈಯಿಂದ ಹೋಗೋದಕ್ಕೆ ವರ್ಷಕ್ಕೆ ಒಂದು ಗರಿಷ್ಠ ಮಿತಿ ಇರುತ್ತೆ’ ಅನ್ನಬಹುದು. ಅಲ್ಲಿ ಇದೆ, 2025ರಲ್ಲಿ ಒಬ್ಬರಿಗೆ 9,200 ಡಾಲರ್ ಇತ್ತು. ಅದನ್ನು ನಂಬಿ ಇಲ್ಲಿ ಲೆಕ್ಕ ಹಾಕಬೇಡಿ. ನಮ್ಮಲ್ಲಿ ಮಿತಿ ಇರುವುದು ಕಂಪನಿ ಕೊಡುವುದಕ್ಕೆ, ನೀವು ಕೊಡುವುದಕ್ಕಲ್ಲ.

ಇಷ್ಟನ್ನೆಲ್ಲ ನಲವತ್ತು ಪುಟದ ಪಾಲಿಸಿಯಲ್ಲಿ ಹುಡುಕಬೇಕಿಲ್ಲ. ಡಿಡಕ್ಟಿಬಲ್, ಕೋ-ಪೇ, ರೂಮಿನ ಮಿತಿ, ಕಾಯುವ ಅವಧಿ (ಕೆಲವು ಕಾಯಿಲೆ, ಆಪರೇಷನ್‌ಗೆ ಹಣ ಸಿಗದ ಮೊದಲ ಕೆಲವು ವರ್ಷ) ಇವಿಷ್ಟನ್ನೂ ಚಿಕ್ಕದಾಗಿ ಬರೆದ ಗ್ರಾಹಕ ಮಾಹಿತಿ ಪತ್ರವನ್ನು ಕಂಪನಿ ಕೊಡಬೇಕು. ಕೇಳಿದರೆ ಕನ್ನಡದಲ್ಲೇ ಕೊಡಬೇಕು. ಕೌಂಟರಿನಲ್ಲಿ ‘ಕನ್ನಡದ್ದು ಇಲ್ಲ ಸಾರ್’ ಅಂದರೆ ಇಮೇಲ್‌ನಲ್ಲಿ ಕೇಳಿ. ಬರೆದು ಕೇಳಿದ್ದಕ್ಕೆ ಬೆಲೆ ಬೇರೆ. ಕಂಪನಿಯ ದೂರು ವಿಭಾಗ ಒಂದು ತಿಂಗಳು ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಸರಿ ಕಾಣದಿದ್ದರೆ, ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್, ಅಂದರೆ ವಿಮೆಯ ದೂರು ತೀರ್ಮಾನಿಸುವ ಅಧಿಕಾರಿಯ ಕಚೇರಿ ಇದೆ. ಶುಲ್ಕವಿಲ್ಲ, ವಕೀಲರೂ ಬೇಡ.

ಇನ್ನು ಅಮ್ಮನ ಮಂಡಿ. ನಿಮಗೆ ಐದನೇ ವರ್ಷವಾದ್ದರಿಂದ ಕಾಯುವ ಅವಧಿ ಸಾಮಾನ್ಯವಾಗಿ ಮುಗಿದಿರುತ್ತದೆ, ಆದರೂ ಆ ಪತ್ರದಲ್ಲಿ ನೋಡಿಬಿಡಿ. ಮನೆಯಲ್ಲಿ ಯಾರಾದರೂ ಸಹಕಾರ ಸಂಘದ ಸದಸ್ಯರಾಗಿ ಯಶಸ್ವಿನಿ ಮಾಡಿಸಿದ್ದರೆ ಈ ಆಪರೇಷನ್ ಅದರಲ್ಲಿ ಬರುತ್ತದೆಯೇ ಅಂತ ಮೊದಲು ಸಂಘದಲ್ಲಿ ವಿಚಾರಿಸಿ. ಬರದಿದ್ದರೆ, ನಿಮ್ಮದು ಸೂಪರ್ ಟಾಪ್-ಅಪ್ ಆಗಿದ್ದರೆ, ಲೆಕ್ಕ ಹೀಗೆ. ಒಪ್ಪಿಗೆಯಾಗುವ ಖರ್ಚು 2,60,000 ಅನ್ನಿ. ಇದೇ ಪಾಲಿಸಿ ವರ್ಷದೊಳಗೆ ಮಾಡಿಸಿದರೆ ಅಪ್ಪನ 1,70,000 ಸೇರಿ 4,30,000. ತೂಬಿನ ಮೇಲೆ 1,30,000, ಅಷ್ಟು ಕಂಪನಿಯದು. ನವೀಕರಣವಾದ ಮಾರನೆಯ ದಿನ ಮಾಡಿಸಿದರೆ ಕೆರೆ ಮತ್ತೆ ಬರಿದು, 2,60,000 ಪೂರ್ತಿ ನಿಮ್ಮದೇ. ಅಪ್ಪನ ಡಿಸ್ಚಾರ್ಜ್ ಸಮ್ಮರಿ, ಬಾಬತ್ತುವಾರು ಬಿಲ್, ರಸೀದಿ, ವರದಿಗಳ ಮೂಲಪ್ರತಿ ಆಗ ಬೇಕಾಗುತ್ತವೆ. ಆ ಖರ್ಚನ್ನು ಈಗಲೇ ಕಂಪನಿಗೆ ಲಿಖಿತವಾಗಿ ತಿಳಿಸಿಡಿ. ನವೀಕರಣದ ತಾರೀಕು ಯಾವತ್ತು ಅಂತ ನೋಡಿಕೊಂಡು, ಅದಕ್ಕೆ ಮೊದಲು ಅಮ್ಮನಿಗೆ ಆಪರೇಷನ್ ಮಾಡಿಸಬಹುದೇ ಅಂತ ಡಾಕ್ಟರನ್ನೇ ಕೇಳಿ.