ನ್ಯಾನೊ ಕೊಳವೆಯ ಮೇಲೆ ಕಲ್ನಾರಿನ ನೆರಳು

ಕಲ್ನಾರಿನ ದೂಳಿಗೆ ಗಾಜಿನ ಚೂರಿನಂಥ ಮೊನೆಗಳಿವೆ ಎಂದು ಬ್ರಿಟನ್ನಿನ ಕಾರ್ಖಾನೆ ತನಿಖಾಧಿಕಾರಿ ಲೂಸಿ ಡೀನ್ 1898ರ ವರದಿಯಲ್ಲೇ ಎಚ್ಚರಿಸಿದ್ದರು. ಆ ದೇಶ ಕಲ್ನಾರನ್ನು, ಅಂದರೆ ಆಸ್‌ಬೆಸ್ಟಾಸನ್ನು, ಪೂರ್ತಿ ನಿಷೇಧಿಸಿದ್ದು 1999ರಲ್ಲಿ. ನಮ್ಮಲ್ಲಂತೂ ಅದರ ಶೀಟು ಇಂದಿಗೂ ಸೂರಿಗೇರುತ್ತಿದೆ. ಇಂಗಾಲದ ನ್ಯಾನೊ ಕೊಳವೆಯ ಕಥೆ ಹೇಳಹೊರಟವರು ಈ ನೂರು ವರ್ಷದ ಅಲಕ್ಷ್ಯವನ್ನು ಮರೆಯುವಂತಿಲ್ಲ.

1991ರಲ್ಲಿ ಜಪಾನಿನ ಎನ್‌ಇಸಿ ಪ್ರಯೋಗಾಲಯದ ಸುಮಿಯೊ ಇಜಿಮಾ, ಒಂದರೊಳಗೊಂದು ತೂರಿಸಿಟ್ಟಂಥ ಇಂಗಾಲದ ಕೊಳವೆಗಳನ್ನು ವಿವರಿಸಿದರು. ಅವುಗಳ ವ್ಯಾಸ 4ರಿಂದ 30 ನ್ಯಾನೊಮೀಟರ್; ತಲೆಗೂದಲಿನ ದಪ್ಪ ಸುಮಾರು 80,000. ಉಕ್ಕನ್ನು ಮೀರಿಸುವ ಗಟ್ಟಿತನ, ಜೊತೆಗೆ ಒಳ್ಳೆಯ ವಿದ್ಯುತ್ ವಾಹಕತೆ. ಇಂದು ಲಿಥಿಯಂ ಬ್ಯಾಟರಿಯ ಕ್ಯಾಥೋಡ್ (ಧನ ವಿದ್ಯುದ್ವಾರ) ಲೇಪಕ್ಕೆ ಇದನ್ನು ಬೆರೆಸುತ್ತಾರೆ. ಉದ್ದನೆಯ ಎಳೆಗಳು ಕಣದಿಂದ ಕಣಕ್ಕೆ ಸೇತುವೆ ಕಟ್ಟುವುದರಿಂದ ವಾಡಿಕೆಯಂತೆ ಬೆರೆಸುವ ಇಂಗಾಲದ ಮಸಿಗಿಂತ ಕಡಿಮೆ ಸಾಕಾಗುತ್ತದೆ, ಉಳಿದ ಜಾಗ ವಿದ್ಯುತ್ ಕೂಡಿಡುವ ವಸ್ತುವಿಗೆ ಸಿಗುತ್ತದೆ.

ಕೆಡುಕು ಹುಟ್ಟುವುದೂ ಆ ಉದ್ದದಿಂದಲೇ. ಶ್ವಾಸಕೋಶದೊಳಕ್ಕೆ ಬಂದ ದೂಳನ್ನು ಮ್ಯಾಕ್ರೊಫೇಜ್ ಎಂಬ ಜೀವಕೋಶ ನುಂಗಿ ಹೊರಸಾಗಿಸುತ್ತದೆ. ಎಳೆ 15–20 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ 1,000 ನ್ಯಾನೊಮೀಟರ್) ದಾಟಿದರೆ, ನೆಟ್ಟಗೆ ಸೆಡೆತಿದ್ದರೆ, ಅದು ಜೀವಕೋಶದ ಬಾಯಿಗೆ ಹಿಡಿಸದು. ಎಳೆಯನ್ನು ಅರ್ಧ ನುಂಗಿದ ಕೋಶ ಉರಿಯೂತ ಹುಟ್ಟಿಸುವ ರಾಸಾಯನಿಕ ಸುರಿಸುತ್ತಲೇ ಇರುತ್ತದೆ. 2008ರಲ್ಲಿ ಬ್ರಿಟನ್ನಿನ ಸಂಶೋಧಕರು ಇಲಿಗಳ ಹೊಟ್ಟೆಯ ಪೊರೆಯೊಳಕ್ಕೆ ಕೊಳವೆಗಳನ್ನು ಚುಚ್ಚಿ ನೋಡಿದಾಗ, ಉದ್ದನೆಯವು ಕಲ್ನಾರಿನಂತೆಯೇ ಗಂಟು ಕಟ್ಟಿಸಿದವು. ಗಿಡ್ಡವಾದ, ಸಿಕ್ಕುಗಟ್ಟಿದ ಕೊಳವೆಗಳು ಹಾಗೆ ಮಾಡಲಿಲ್ಲ. 2014ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಹಲವು ಪದರದ ಕೊಳವೆಗಳಲ್ಲಿ ಎಂಡಬ್ಲ್ಯುಸಿಎನ್‌ಟಿ-7 ಎಂಬ ಒಂದು ಬಗೆಯನ್ನು ಮಾತ್ರ ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದ ‘2ಬಿ’ ಗುಂಪಿಗೆ ಸೇರಿಸಿತು. ಉಳಿದ ಬಗೆಗಳಿಗೆ ಪುರಾವೆ ಸಾಲದೆಂದಿತು.

ಹಾಗಾಗಿ 2019ರಲ್ಲಿ ಅಪಾಯಕಾರಿ ರಾಸಾಯನಿಕಗಳ ವಿರುದ್ಧ ದನಿಯೆತ್ತುವ ಸ್ವೀಡನ್ನಿನ ಸ್ವಯಂಸೇವಾ ಸಂಸ್ಥೆ ಕೆಮ್‌ಸೆಕ್ ಎಲ್ಲ ನ್ಯಾನೊ ಕೊಳವೆಗಳನ್ನೂ ಒಟ್ಟಾಗಿ ಅಪಾಯದ ಪಟ್ಟಿಗೆ ಹಾಕಿದ್ದನ್ನು ಅನೇಕ ವಿಜ್ಞಾನಿಗಳು ಒಪ್ಪಲಿಲ್ಲ. ಅವರ ಆಕ್ಷೇಪ ಸರಿಯೇ. ಆದರೆ ಮಾರುವವರು ಉದ್ದ, ದಪ್ಪ, ಸೆಡೆತಗಳನ್ನು ಚೀಟಿಯಲ್ಲಿ ತಿಳಿಸದಿದ್ದರೆ ಬಗೆಬಗೆಯಾಗಿ ವಿಂಗಡಿಸುವುದಾದರೂ ಹೇಗೆ?

ಬ್ಯಾಟರಿ ಬಳಸುವವರಿಗಿಂತ ಪುಡಿ ಮುಟ್ಟುವ ಕಾರ್ಮಿಕರಿಗೆ ಅಪಾಯ ಹೆಚ್ಚು. ಚೀಲ ಬಿಚ್ಚುವಾಗ, ತೂಗುವಾಗ, ಕೊಳವೆ ಬೆರೆಸಿ ಮಾಡಿದ ಹಲಗೆ ಕೊಯ್ಯುವಾಗ, ಉಜ್ಜುವಾಗ ಎಳೆಗಳು ಗಾಳಿಗೇರುತ್ತವೆ. ಕಾರ್ಮಿಕರ ಸುರಕ್ಷತೆ, ಆರೋಗ್ಯಗಳನ್ನು ಅಧ್ಯಯನ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆ 2010ರ ಕರಡಿನಲ್ಲಿ ಘನಮೀಟರ್ ಗಾಳಿಗೆ 7 ಮೈಕ್ರೊಗ್ರಾಂ ಮಿತಿ ಸೂಚಿಸಿ, 2013ರಲ್ಲಿ ಅದನ್ನು 1ಕ್ಕೆ ಇಳಿಸಿತು. ಎಂಟು ಗಂಟೆಯ ಪಾಳಿಯಲ್ಲಿ ಸುಮಾರು 10 ಘನಮೀಟರ್ ಗಾಳಿ ಉಸಿರಾಡುವವರ ಒಳಗೆ ಈ ಮಿತಿಯಲ್ಲೂ 10 ಮೈಕ್ರೊಗ್ರಾಂ ಹೋಗುತ್ತದೆ. 1 ಎಂಬುದು ಅಳೆಯುವ ವಿಧಾನಕ್ಕೆ ನಂಬಲರ್ಹವಾಗಿ ದಕ್ಕುವ ಕನಿಷ್ಠ ಮಟ್ಟ. ಅದರ ಕೆಳಗೆ ಅಪಾಯವೇ ಇಲ್ಲವೆಂದು ನಿಯೋಶ್ ಹೇಳಿಲ್ಲ. ಪುಡಿಯನ್ನು ಮುಚ್ಚಿದ ಪೆಟ್ಟಿಗೆಯೊಳಗೇ ತೂಗಬೇಕು, ಆದಷ್ಟೂ ದ್ರವದಲ್ಲಿ ಕಲಸಿದ್ದನ್ನೇ ಕೊಳ್ಳಬೇಕು. ಚೆಲ್ಲಿದ್ದನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು ಇಲ್ಲವೇ ಅತಿ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಶೋಧಕದ ವ್ಯಾಕ್ಯೂಮ್ ಬಳಸಬೇಕು. ಕೆಲಸದ ಬಟ್ಟೆ ಮನೆಗೆ ಹೋಗಬಾರದು. ಕಲ್ನಾರಿನ ಗಿರಣಿಯವರ ಹೆಂಡಿರು ಕಾಯಿಲೆ ಬಿದ್ದದ್ದು ಅವರ ಅಂಗಿ ಒಗೆದು.