ಐಎಫ್‌ಎಸ್ ಸೇರಿ ಚೈನಾ ಸ್ಪೆಷಲಿಸ್ಟ್ ಆದ್ರೆ ಲೈಫ್ ಪೂರ್ತಿ ಅಲ್ಲೇ ಇರ್ಬೇಕಾ?

ಶಿಡ್ಲಘಟ್ಟದಿಂದ ಒಬ್ರು ಕೇಳಿದಾರೆ: "ಸಾರ್, ನಮ್ಮ ಹುಡುಗಿ ಯುಪಿಎಸ್‌ಸಿಗೆ ಓದ್ತಾ ಇದಾಳೆ. ಐಎಎಸ್ ಬೇಡ, ಐಎಫ್‌ಎಸ್ಸೇ ಬೇಕು, ಚೈನಾ ಜಪಾನ್ ಕಡೆ ಕೆಲ್ಸ ಮಾಡ್ಬೇಕು ಅಂತಾಳೆ. ಹಂಗೇನಾದ್ರೂ ಆದ್ರೆ ರಿಟೈರ್ ಆಗೋವರ್ಗೂ ಆ ದೇಶದಲ್ಲೇ ಇಟ್ಬಿಡ್ತಾರಾ?"

ಇಲ್ಲ ಸಾರ್, ಇಡಲ್ಲ. ಐಎಫ್‌ಎಸ್ ಅಂದ್ರೆ ಇಂಡಿಯನ್ ಫಾರಿನ್ ಸರ್ವೀಸ್, ನಮ್ಮ ವಿದೇಶಾಂಗ ಸೇವೆ. ಒಂದ್ ಕಡೆ ಮೂರು ವರ್ಷ ಆಗ್ತಿದ್ದಂಗೆ ಸಾಮಾನ್ಯವಾಗಿ ಟ್ರಾನ್ಸ್‌ಫರ್ ಬರುತ್ತೆ. ಇನ್ನೊಂದು ವಿಷ್ಯ, ಚೈನಾ ಎಕ್ಸ್‌ಪರ್ಟ್ ಅನ್ನಿಸಿಕೊಂಡೋರು ಎಷ್ಟೋ ಜನ ಆ ಹೆಸರು ಸಂಪಾದಿಸಿದ್ದು ಬೀಜಿಂಗಲ್ಲಿ ಕೂತಲ್ಲ, ದಿಲ್ಲೀಲಿ ಫೈಲ್ ಮುಂದೆ ಕೂತು.

ವಿದೇಶಾಂಗ ಕಾರ್ಯದರ್ಶಿ ಆಗಿದ್ದ ನಿರುಪಮಾ ರಾವ್ ಅವರನ್ನೇ ತಗೊಳ್ಳಿ. ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಲ್ಲಿ ಇಂಗ್ಲಿಷ್ ಬಿಎ ಓದಿದೋರು, 1973ರ ಐಎಫ್‌ಎಸ್ ಬ್ಯಾಚು. ಮೊದಲ ಪೋಸ್ಟಿಂಗ್ ಎಲ್ಲಿ ಗೊತ್ತಾ, ಯೂರೋಪಿನ ವಿಯೆನ್ನಾ! ಏಷ್ಯಾದ ಸುದ್ದಿನೇ ಇಲ್ಲ. ಆಮೇಲೆ ಕೊಲಂಬೋಗೆ ಹೋದ್ರು, 1983ರಲ್ಲಿ ಅಲ್ಲಿ ತಮಿಳರ ಮೇಲೆ ಗಲಭೆ ಆದಾಗ ಅಲ್ಲೇ ಇದ್ರು. 1984ರಲ್ಲಿ ದಿಲ್ಲಿಗೆ ವಾಪಸ್ ಬಂದು ವಿದೇಶಾಂಗ ಇಲಾಖೆಯಲ್ಲಿ ಚೈನಾ ಕಡೆ ವಿಷ್ಯ ನೋಡ್ಕೊಳ್ಳೋ ಈಸ್ಟ್ ಏಷ್ಯಾ ಡಿವಿಜನ್ ಸೇರಿದ್ರು ನೋಡಿ, ಸುಮಾರು ಎಂಟು ವರ್ಷ ಅಲ್ಲಿಂದ ಕದಲಲೇ ಇಲ್ಲ, ಅಷ್ಟು ದಿನ ಒಂದೇ ಡೆಸ್ಕಲ್ಲಿ ಯಾರನ್ನೂ ಬಿಡಲ್ಲ, ಅದು ಅಪರೂಪ. ಆ ವರ್ಷಗಳೂ ಅಂತಿಂಥವಲ್ಲ. 1986-87ರಲ್ಲಿ ಅರುಣಾಚಲದ ಸುಮ್ದೊರೊಂಗ್ ಚು ಹತ್ರ ನಮ್ಮ ಸೈನ್ಯ, ಚೈನಾ ಸೈನ್ಯ ಎದುರುಬದುರಾಗಿ ನಿಂತಿತ್ತು, ಯುದ್ಧವೇ ಆಗ್ಬಿಡುತ್ತೇನೋ ಅನ್ನೋ ಭಯ ಇತ್ತು. ಆಮೇಲೆ 1988ರ ಡಿಸೆಂಬರಲ್ಲಿ ರಾಜೀವ್ ಗಾಂಧಿ ಬೀಜಿಂಗ್‌ಗೆ ಹೋದ್ರು, 1954ರಲ್ಲಿ ನೆಹರೂ ಹೋದಮೇಲೆ ನಮ್ಮ ಪ್ರಧಾನಿ ಒಬ್ರು ಅಲ್ಲಿಗೆ ಕಾಲಿಟ್ಟಿದ್ದು ಅದೇ ಮೊದಲು. ಆ ನಿಯೋಗದಲ್ಲಿ ಇವರೂ ಇದ್ರು.

ಇಷ್ಟೆಲ್ಲಾ ಆದಮೇಲೆ ಸೀದಾ ಬೀಜಿಂಗ್‌ಗೆ ಕಳಿಸಿದ್ರಾ ಅಂದ್ರೆ ಅದೂ ಇಲ್ಲ. ದಕ್ಷಿಣ ಅಮೆರಿಕದ ಪೆರುಗೆ ರಾಯಭಾರಿ, ಮಾಸ್ಕೋ, ಇಲಾಖೆಯ ವಕ್ತಾರೆ, ಶ್ರೀಲಂಕಾಗೆ ಹೈ ಕಮಿಷನರ್ (ರಾಯಭಾರಿ ಇದ್ದಂಗೇ). ಕೊನೆಗೆ 2006ರಲ್ಲಿ ಚೈನಾಗೆ ರಾಯಭಾರಿ, ಆ ಕುರ್ಚೀಲಿ ಕೂತ ಮೊದಲ ಹೆಂಗಸು. 2009ರಲ್ಲಿ ವಿದೇಶಾಂಗ ಕಾರ್ಯದರ್ಶಿ, ಅಂದ್ರೆ ಇಲಾಖೆಯ ಅಧಿಕಾರಿಗಳಲ್ಲೇ ದೊಡ್ಡ ಹುದ್ದೆ. ಅಂದ್ರೆ ಸರ್ವೀಸ್ ಸೇರಿದ ಮೂವತ್ತಮೂರು ವರ್ಷಕ್ಕೆ ಬೀಜಿಂಗ್ ಎಂಬೆಸಿಯ ಚಾರ್ಜ್ ಸಿಕ್ತು.

ಭಾಷೆ ವಿಷ್ಯಕ್ಕೆ ಬರೋಣ, ಗೊಂದಲ ಇರೋದು ಇಲ್ಲೇ. ಸೆಲೆಕ್ಟ್ ಆದೋರು ಮಸ್ಸೂರಿಲಿ ಫೌಂಡೇಶನ್ ಕೋರ್ಸು, ಆಮೇಲೆ ದಿಲ್ಲಿಯ ಸುಷ್ಮಾ ಸ್ವರಾಜ್ ಇನ್‌ಸ್ಟಿಟ್ಯೂಟಲ್ಲಿ ಟ್ರೈನಿಂಗ್ ಮುಗಿಸ್ತಾರೆ, ಆಗ ಒಬ್ಬೊಬ್ರಿಗೆ ಒಂದೊಂದು ವಿದೇಶಿ ಭಾಷೆ ಕೊಡ್ತಾರೆ. ಚೈನೀಸ್, ಜಪಾನೀಸ್, ಅರಬಿಕ್, ರಷ್ಯನ್, ಹಿಂಗೆ. ನಾವು ಕೇಳ್ಬಹುದು, ಆದ್ರೆ ರ‍್ಯಾಂಕು, ಇಲಾಖೆಗೆ ಎಷ್ಟು ಜನ ಬೇಕು ಅನ್ನೋದೂ ನೋಡ್ತಾರೆ. ಚೈನೀಸ್ ಸಿಕ್ರೆ ಥರ್ಡ್ ಸೆಕ್ರೆಟರಿ (ಎಂಬೆಸೀಲಿ ಹೊಸಬರ ಹುದ್ದೆ) ಆಗಿ ಆ ಕಡೆ ಹೋಗಿ ಕಲೀಬೇಕು, ಪರೀಕ್ಷೆ ಪಾಸಾದ್ರೇನೇ ಕೆಲ್ಸ ಕನ್ಫರ್ಮ್. ಆ ಭಾಷೆ ಇದ್ರೆ ಮುಂದೆ ಮತ್ತೆ ಮತ್ತೆ ಆ ಕಡೆ ಕರೀತಾರೆ ನಿಜ, ಆದ್ರೆ ಮಧ್ಯದಲ್ಲಿ ಎಲ್ಲಿಗೆ ಬೇಕಾದ್ರೂ ಹಾಕ್ತಾರೆ.

ವಿಜಯ್ ಗೋಖಲೆ ಅಂತ 1981ರ ಬ್ಯಾಚಿನೋರು, ಚೈನೀಸ್ ಚೆನ್ನಾಗಿ ಬಲ್ಲೋರು. ಮಲೇಷ್ಯಾ, ಜರ್ಮನಿ ಸುತ್ತಿ 2016ರಲ್ಲಿ ಬೀಜಿಂಗ್ ರಾಯಭಾರಿ ಆದ್ರು, ಆದ್ರೆ ಅದಕ್ಕೂ ಮುಂಚೆ ತೈವಾನ್ ರಾಜಧಾನಿ ತೈಪೆಯಲ್ಲಿ ನಮ್ಮ ಆಫೀಸ್ ನಡೆಸಿದ್ರು. ತೈವಾನ್ ಜೊತೆ ನಮ್ಗೆ ಅಧಿಕೃತ ರಾಜತಾಂತ್ರಿಕ ಸಂಬಂಧ ಇಲ್ಲ, ಎಂಬೆಸಿ ಅಂತ ಬೋರ್ಡ್ ಹಾಕಂಗಿಲ್ಲ, ಅದಕ್ಕೆ ಇಂಡಿಯಾ-ತೈಪೆ ಅಸೋಸಿಯೇಷನ್ ಅನ್ನೋ ಹೆಸರಲ್ಲಿ 1995ರಿಂದ ಆಫೀಸು ನಡೀತಿದೆ. ಎಂಬೆಸಿ ಅಲ್ಲ, ಆದ್ರೆ ಎಂಬೆಸಿ ಮಾಡೋ ಕೆಲ್ಸ ಸುಮಾರಾಗಿ ಎಲ್ಲಾ ಮಾಡುತ್ತೆ! ಕೋಲಾರದ ನರಸಾಪುರದಲ್ಲಿ ಐಫೋನ್ ಫ್ಯಾಕ್ಟರಿ ಹಾಕಿದ್ದ ವಿಸ್ಟ್ರಾನ್ ತೈವಾನ್ ಕಂಪನಿನೇ, ಸೋ ಇದೆಲ್ಲಾ ನಮ್ಗೆ ಅಷ್ಟೇನೂ ದೂರದ ಮಾತಲ್ಲ.

ನಿಮ್ಮ ಶಿಡ್ಲಘಟ್ಟಕ್ಕಂತೂ ಹೇಳೋದೇ ಬೇಡ. 2011ರ ಬಜೆಟಲ್ಲಿ ಕಚ್ಚಾ ರೇಷ್ಮೆ ಆಮದು ಸುಂಕ 30 ಪರ್ಸೆಂಟಿಂದ 5ಕ್ಕೆ ಇಳಿಸಿದಾಗ ಚೈನಾ ರೇಷ್ಮೆ ಹೆದರಿಕೆಗೆ ಗೂಡಿನ ಮಾರ್ಕೆಟ್ ಏನಾಯ್ತು ಅಂತ ನಂಗಿಂತ ನಿಮ್ಗೇ ಚೆನ್ನಾಗಿ ಗೊತ್ತು. ಸುಂಕ ಹಾಕೋದು ತೆಗಿಯೋದು ಹಣಕಾಸು ಇಲಾಖೆ, ರಾಯಭಾರಿಗಳಲ್ಲ. ಆದ್ರೆ ಅಲ್ಲಿನ ಮಾರ್ಕೆಟ್ ಹೆಂಗಿದೆ, ಅವ್ರ ಸರ್ಕಾರ ಏನ್ ಯೋಚ್ನೆ ಮಾಡ್ತಿದೆ ಅಂತ ಎಂಬೆಸಿಯ ಕಮರ್ಷಿಯಲ್ ವಿಂಗ್‌ನೋರು ದಿಲ್ಲಿಗೆ ಬರೀತಾ ಇರ್ತಾರೆ. ಟೀವೀಲಿ ಕಾಣೋ ಕೈಕುಲುಕೋ ಫೋಟೋ ಒಂದು ನಿಮಿಷದ್ದು, ಮಿಕ್ಕಿದ್ದೆಲ್ಲಾ ಇಂಥ ಬರವಣಿಗೆ, ಪಾಸ್‌ಪೋರ್ಟ್ ಕಳ್ಕೊಂಡ ಸ್ಟೂಡೆಂಟು, ಅಲ್ಲಿ ತೀರಿಕೊಂಡೋರ ಬಾಡಿ ಊರಿಗೆ ಕಳಿಸೋ ಪೇಪರ್ ವರ್ಕು. ಹುಡುಗಿಗೆ ಇದನ್ನೂ ಹೇಳಿ.

ಕಷ್ಟ ಇರೋದು ಮನೆ ಕಡೆ. ಮಕ್ಕಳ ಸ್ಕೂಲ್ ಪದೇ ಪದೇ ಬದ್ಲಾಗುತ್ತೆ, ಗಂಡ ಅಥ್ವಾ ಹೆಂಡ್ತಿಗೆ ತಮ್ದೇ ಕೆಲ್ಸ ಇದ್ರೆ ಯಾರಾದ್ರೂ ಒಬ್ರು ಅಡ್ಜಸ್ಟ್ ಆಗ್ಲೇಬೇಕು.

ಡಿಗ್ರಿ ಯಾವುದಾದ್ರೂ ಆಗುತ್ತೆ, ಮೇನ್ಸ್ ಕನ್ನಡದಲ್ಲೂ ಬರೀಬಹುದು. ಸರ್ವೀಸ್ ಪ್ರಿಫರೆನ್ಸ್ ತುಂಬೋವಾಗ ಮಾತ್ರ ಐಎಫ್‌ಎಸ್ ಮೊದಲು ಹಾಕಿಸಿ. "ಇರ್ಲಿ ಬಿಡಮ್ಮ" ಅಂತ ನೀವು ಐಎಎಸ್ ಮೇಲೆ ಹಾಕಿಸಿ, ರ‍್ಯಾಂಕೂ ಚೆನ್ನಾಗಿ ಬಂದ್ಬಿಟ್ರೆ ಐಎಎಸ್ಸೇ ಕೊಡ್ತಾರೆ, ಆಮೇಲೆ ಬೀಜಿಂಗ್ ಬೇಕು ಅಂದ್ರೆ ಕೇಳೋರು ಯಾರೂ ಇರಲ್ಲ.