ಗಾಳಿಮಳೆಗೆ ದಡಕ್ಕೆ ಬಿದ್ದ ಕಡಲಹಕ್ಕಿಯನ್ನು ನೀರಿಗೆ ಬಿಡಬಹುದೇ?

ಪ್ರಶ್ನೆ: ಜುಲೈಯ ಗಾಳಿಮಳೆಯ ಮರುದಿನ ಹೊಯ್ಗೆಯ ಮೇಲೆ ಬಾತುಕೋಳಿಗಿಂತ ದೊಡ್ಡ ಬಿಳಿ ಹಕ್ಕಿಯೊಂದು ಕೂತಿತ್ತು. ಹತ್ತಿರ ಹೋದರೂ ಹಾರಲಿಲ್ಲ. ಎತ್ತಿ ಕಡಲಿಗೆ ಬಿಡಬಹುದಿತ್ತೇ?

ಉತ್ತರ: ಬೇಡ. ನಮ್ಮ ಕರಾವಳಿಯಲ್ಲಿ ಹೀಗೆ ಸಿಗುವ ದೊಡ್ಡ ಬಿಳಿ ಹಕ್ಕಿ ಹೆಚ್ಚಾಗಿ ಮಾಸ್ಕ್ಡ್ ಬೂಬಿ: ಹಳದಿ ಕೊಕ್ಕು, ಅದರ ಬುಡದಲ್ಲಿ ಕಪ್ಪು ಮುಖವಾಡ, ಕಪ್ಪು ಬಾಲ. ಎಳೆಯದಾದರೆ ತಲೆ ಕಂದು, ಕುತ್ತಿಗೆಗೆ ಬಿಳಿ ಪಟ್ಟಿ. ಇದು ನಡುಗಡಲಿನ ಹಕ್ಕಿ, ಮೀನನ್ನು ಮೇಲಿಂದ ಕಂಡು ಧುಮುಕಿ ಹಿಡಿಯುತ್ತದೆ. ಕಡಲು ಕದಡಿದರೆ ಬೇಟೆ ಸಿಗದು. ಹಸಿದು ಸೋತದ್ದನ್ನು ನೈಋತ್ಯ ಗಾಳಿ ದಡಕ್ಕೆ ತಳ್ಳುತ್ತದೆ. ಎದೆಯ ನಡುವೆ ಬೆರಳಿಟ್ಟರೆ ಮೂಳೆ ಕತ್ತಿಯಲಗಿನಂತೆ ಚುಚ್ಚಿತೇ? ಹಾರುವ ಸ್ನಾಯು ಕರಗಿದೆ ಎಂದರ್ಥ. ಅದನ್ನು ಅಲೆಗೆ ಬಿಟ್ಟರೆ ಪುಕ್ಕ ನೆನೆದು ಮುಳುಗುತ್ತದೆ, ಗಾಳಿಗೆ ಎಸೆದರೆ ಬಿದ್ದು ಮೂಳೆ ಮುರಿಯಬಹುದು.

ಮೊದಲು ನಾಯಿ, ಕಾಗೆಗಳನ್ನು ದೂರವಿಡಿ. ಕೈಗವಸು ಹಾಕಿ, ಹಿಂದಿನಿಂದ ಬೈರಾಸು ಹೊದಿಸಿ, ರೆಕ್ಕೆಗಳನ್ನು ಮೈಗೆ ಒತ್ತಿ ಎತ್ತಿ. ತಲೆಯನ್ನು ಹಿಂಬದಿಯಿಂದ ಹಿಡಿದು ನಿಮ್ಮ ಮುಖದಿಂದ ದೂರವಿಡಿ, ಅದು ಕಣ್ಣಿಗೇ ಕುಕ್ಕುತ್ತದೆ. ಕೊಕ್ಕಿನ ಅಂಚು ಗರಗಸದಂತಿದೆ. ಹಾಗೆಂದು ಕೊಕ್ಕಿಗೆ ರಬ್ಬರ್ ಬ್ಯಾಂಡ್ ಹಾಕಲೇಬೇಡಿ. ಬೂಬಿಗೆ ಹೊರಗೆ ಮೂಗಿನ ತೂತುಗಳೇ ಇಲ್ಲ, ಉಸಿರಾಡುವುದು ಬಾಯಿಯ ಅಂಚಿನಿಂದ. ಸದುದ್ದೇಶದಿಂದ ಕಟ್ಟಿದ ಆ ಬ್ಯಾಂಡೇ ಉಸಿರು ಕಟ್ಟಿಸುತ್ತದೆ.

ಬದಿಗೆ ತೂತು ಮಾಡಿದ ರಟ್ಟಿನ ಪೆಟ್ಟಿಗೆ ಸಾಕು, ಹಕ್ಕಿ ತಿರುಗುವಷ್ಟು ಅಗಲವಿರಲಿ. ಎದೆ ಗಟ್ಟಿ ನೆಲಕ್ಕೆ ಉಜ್ಜಿ ಹುಣ್ಣಾಗದಂತೆ ತಳಕ್ಕೆ ಮಡಚಿದ ಬಟ್ಟೆ ಹಾಕಿ. ಬೆಚ್ಚಗೆ, ಕತ್ತಲಲ್ಲಿ, ಸದ್ದಿಲ್ಲದ ಕಡೆ ಇಡಿ. ಸೆಲ್ಫಿಗೆಂದು ಮತ್ತೆ ಮತ್ತೆ ತೆರೆಯಬೇಡಿ.

ಬಾಯಿಗೆ ನೀರು ಹೊಯ್ದರೆ ಶ್ವಾಸಕೋಶಕ್ಕೆ ಇಳಿಯಬಹುದು. ಮೀನೂ ಬೇಡ: ತೀರ ಬಳಲಿದ ಹಕ್ಕಿಗೆ ಅದು ಅರಗದು, ಮೊದಲು ದ್ರವಾಂಶ ತುಂಬಬೇಕು. ಅದು ಪಶುವೈದ್ಯರ ಕೆಲಸ. ಅರಣ್ಯ ಇಲಾಖೆಗೆ ತಕ್ಷಣ ಫೋನ್ ಮಾಡಿ.

ಬಿರುಗಾಳಿಗೆ ಸಿಕ್ಕಿ ಬೀಳುವ ಸೂಟಿ ಟರ್ನ್, ಬ್ರೌನ್ ನಾಡಿ ಎಂಬ ಕಡಲಹಕ್ಕಿಗಳಿಗೂ ಇದೇ ಕ್ರಮ. ಒಂದೇ ಕಡೆ ಹತ್ತಾರು ಹಕ್ಕಿ ಸತ್ತಿದ್ದರೆ ಮುಟ್ಟಬೇಡಿ, ಹಕ್ಕಿಜ್ವರವಿರಬಹುದು. ಪಶುಸಂಗೋಪನೆ ಇಲಾಖೆಗೆ ತಿಳಿಸಿ.

ಒಂದೇ ಒಂದು ಸತ್ತು ಬಿದ್ದಿದ್ದರೆ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಕೊಕ್ಕು, ಪಾದ, ಬಿಡಿಸಿದ ರೆಕ್ಕೆಯ ಫೋಟೊ ತೆಗೆಯಿರಿ. ಬೂಬಿಯಾದರೆ ನಾಲ್ಕೂ ಬೆರಳುಗಳ ನಡುವೆ ಜಾಲಪೊರೆ ಇರುತ್ತದೆ, ಕಡಲಕಾಗೆಗೆ (ಗಲ್) ಮುಂದಿನ ಮೂರಕ್ಕೆ ಮಾತ್ರ. ಕಾಲಿನಲ್ಲಿ ಲೋಹದ ಉಂಗುರವಿದ್ದರೆ ಸುತ್ತ ತಿರುಗಿಸಿ, ಒಂದಕ್ಷರವೂ ತಪ್ಪದಂತೆ ಬರೆದುಕೊಂಡು ದಿನಾಂಕ, ಜಾಗದ ಸಮೇತ ಅರಣ್ಯ ಇಲಾಖೆಗೆ ಕೊಡಿ.